ಬಿಚ್ಚಿ ಜೋಡಿಸಿದ ನಳಿಗೆ

ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ವಿರಾಜಪೇಟೆ ಕಡೆಯ ಗೆಳೆಯನ ಮನೆಗೆ ಹೋಗಿದ್ದೆ. ನಡುಮನೆಯ ದೀಪದ ಕೆಳಗೆ ಕೋವಿಗಳನ್ನು ಒರಗಿಸಿ, ನಳಿಗೆಯ ಬಾಯಿಗೆ ತೋಕ್ ಪೂ ಎಂಬ ಹೂವು ಸಿಕ್ಕಿಸಿದ್ದರು. ಪೂಜೆ ಮುಗಿದ ಮೇಲೆ ಗೆಳೆಯನ ಅಪ್ಪ, ಸೇನೆಯಿಂದ ನಿವೃತ್ತರಾದ ಸುಬೇದಾರರು, ಹಳೆಯ ಜೋಡುನಳಿಗೆ ಕೋವಿಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ನಳಿಗೆಯ ಅಡಿಯ ಮರದ ತುಂಡನ್ನು ಕಿತ್ತರು, ಕೋವಿಯನ್ನು ಮಡಚಿದರು, ನಳಿಗೆಗಳೆರಡೂ ಒಟ್ಟಿಗೆ ಕೈಗೆ ಬಂದವು. ಎಣ್ಣೆಬಟ್ಟೆಯಲ್ಲಿ ಒರೆಸಿ ಮತ್ತೆ ಕೂರಿಸಿದಾಗ ಟಕ್ ಎಂದು ಒಂದು ಸದ್ದು. ನಿಮಿಷದ ಕೆಲಸ.

"ನಲವತ್ತು ವರ್ಷದಿಂದ ಹೀಗೇ ಬಿಚ್ಚಿ ಹಾಕ್ತಿದ್ದೀನಿ. ಗುರಿ ಎಲ್ಲೂ ಹೋಗಿಲ್ಲ" ಎಂದರು.

ಮಾತು ನನಗಲ್ಲ, ಮಗನಿಗೆ. ಅವನು ದಕ್ಷಿಣ ಜರ್ಮನಿಯಲ್ಲಿ ಎಂಜಿನಿಯರು; ಅಲ್ಲಿಯ ಬೇಟೆ ಪರೀಕ್ಷೆ ಪಾಸು ಮಾಡಿ, ಒಂದು ಹಿಡಿಗೆ ಎರಡು ನಳಿಗೆಯಿರುವ ರೈಫಲ್ ಕೊಂಡಿದ್ದಾನೆ. ಚಿಕ್ಕ ಜಿಂಕೆಗೆ ಸಣ್ಣ ಕ್ಯಾಲಿಬರಿನ ನಳಿಗೆ, ಚಳಿಗಾಲದ ಕಾಡುಹಂದಿ ಬೇಟೆಗೆ ದಪ್ಪನೆಯದು. ನಳಿಗೆ ಬದಲಿಸಿದರೆ ಗುರಿ ಕೆಡುವುದಿಲ್ಲವೇ ಎಂದು ನಾನು ಕೇಳಿದ್ದಕ್ಕೇ ಈ ಪ್ರಾತ್ಯಕ್ಷಿಕೆ ನಡೆದದ್ದು. ಮಗ ಅಪ್ಪನ ಪರವೇ ನಿಂತ: "ನಾನೂ ಪರೀಕ್ಷೆ ಮಾಡಿದ್ದೀನಿ. ಬಿಚ್ಚೋಕೆ ಮುಂಚೆ ಮೂರು ಗುಂಡು, ಜೋಡಿಸಿದ ಮೇಲೆ ಮೂರು ಗುಂಡು. ಒಂದು ಸೆಂಟಿಮೀಟರೂ ಸರಿದಿಲ್ಲ."

ಇಬ್ಬರೂ ಸುಳ್ಳು ಹೇಳುವವರಲ್ಲ. ಆದರೂ ಅಪ್ಪನ ನಲವತ್ತು ವರ್ಷದಿಂದಾಗಲಿ ಮಗನ ಆರು ಗುಂಡಿನಿಂದಾಗಲಿ ನನ್ನ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ ಎಂಬುದು ನನ್ನ ವಾದ. ಅಪ್ಪನದನ್ನು ಬೇಗ ಮುಗಿಸಬಹುದು. ಅವರ ಕೋವಿಯಲ್ಲಿ ಗುರಿ ನೋಡುವ ಮಣಿ ಇರುವುದು ನಳಿಗೆಯ ಮೇಲೆಯೇ. ನಳಿಗೆ ಕಳಚಿದರೆ ಮಣಿಯೂ ಅದರ ಜೊತೆಗೇ ಹೋಗಿ ಜೊತೆಗೇ ಬರುತ್ತದೆ. ಮೇಲಾಗಿ ಚರೆಯ ತೋಟೆ ಮೂವತ್ತು ನಲವತ್ತು ಹೆಜ್ಜೆ ದೂರದಲ್ಲಿ ಮೊರದಗಲ ಹರಡುತ್ತದೆ. ಅದರೊಳಗೆ ಒಂದೆರಡು ಬೆರಳಿನ ವ್ಯತ್ಯಾಸವನ್ನು ಹುಡುಕುವವರು ಯಾರು?

ರೈಫಲ್ಲಿನ ಲೆಕ್ಕ ಬೇರೆ. ಅಲ್ಲಿ ಒಂದೇ ಗುಂಡು, ಅದಕ್ಕೊಂದೇ ತೂತು. ಝೀರೋ ಮಾಡುವುದೆಂದರೆ ಸ್ಕೋಪಿನಲ್ಲಿ ಕಣ್ಣು ನೋಡುವ ಗೆರೆಯನ್ನೂ ಗುಂಡು ಸಾಗುವ ಗೆರೆಯನ್ನೂ ಗೊತ್ತಾದ ದೂರದಲ್ಲಿ ಒಂದೆಡೆ ಕೂಡಿಸುವುದು. ಈ ಎರಡು ಗೆರೆಗಳ ನಡುವೆ ಒಂದು ಸಣ್ಣ ಕೋನವಿರುತ್ತದೆ. ಇಡೀ ವಿಷಯ ಆ ಕೋನದ್ದು. ಹಾಗಾಗಿ ನಳಿಗೆ ಬಿಚ್ಚಿದರೆ ಝೀರೋ ಉಳಿಯುತ್ತದೆಯೇ ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ಸ್ಕೋಪ್ ಯಾವುದರ ಮೇಲೆ ಕೂತಿದೆ?

ಗೆಳೆಯನದು ಬ್ಲೇಸರ್ ಆರ್8. ಬವೇರಿಯಾದ ಗಡಿಗೆ ಹತ್ತಿರವಿರುವ ಐಸ್ನಿ ಎಂಬ ಪುಟ್ಟ ಊರಿನ ಕಾರ್ಖಾನೆಯದು, 2008ರಲ್ಲಿ ಬಂದದ್ದು. ಅದಕ್ಕೆ ಮುಂಚೆ 1993ರಿಂದ ಆರ್93 ಇತ್ತು. ಎರಡರಲ್ಲೂ ಸ್ಕೋಪು ಕೂರುವುದು ನಳಿಗೆಯ ಮೇಲೆ. ಕುದುರೆಯ ಬೆನ್ನಿಗೆ ಜೀನು ಹಾಕಿದ ಹಾಗೆ ಒಂದು ತುಂಡು ನಳಿಗೆಯನ್ನು ಮೇಲಿಂದ ತಬ್ಬಿಕೊಂಡು, ಎರಡು ಪುಟ್ಟ ಸನ್ನೆಗಳಿಂದ ಬಿಗಿಯಾಗುತ್ತದೆ. ತೋಟೆಯ ಹಿಂದೆ ಮುಚ್ಚಿಕೊಳ್ಳುವ ಬೋಲ್ಟ್ ಬೀಗ ಹಾಕಿಕೊಳ್ಳುವುದೂ ನಳಿಗೆಯ ಹಿಂಭಾಗದೊಳಕ್ಕೇ. ಹಿಡಿಯ ಅಡಿಯಿಂದ ಅಲೆನ್ ಕೀ ತೂರಿಸಿ ಎರಡು ನಟ್ಟು ಸಡಿಲಿಸಿದರೆ ನಳಿಗೆ ಮೇಲಕ್ಕೆ ಎದ್ದು ಬರುತ್ತದೆ, ಸ್ಕೋಪನ್ನು ಹೊತ್ತುಕೊಂಡೇ. ಅಂದರೆ ನಮಗೆ ಬೇಕಾದ ಕೋನ ಇಲ್ಲಿ ಮುರಿಯುವುದೇ ಇಲ್ಲ. ಕಳಚಿದ್ದು ಹಿಡಿ ಮಾತ್ರ. ಝೀರೋ ಉಳಿಯಿತು ಎಂದು ಬೆರಗಾಗುವುದು, ಗಡಿಯಾರದ ಪಟ್ಟಿ ಬದಲಿಸಿ ಸಮಯ ಸರಿಯಾಗೇ ಇದೆಯಲ್ಲ ಎಂದಂತೆ. ಹಿಡಿಯ ಒತ್ತಡ ನಳಿಗೆಯ ಕಂಪನವನ್ನು ತುಸು ಬದಲಿಸಬಹುದು, ಅಷ್ಟೆ. ಆದರೆ ದುಡ್ಡು ಉಳಿಸಲೆಂದು ಒಂದೇ ಸ್ಕೋಪನ್ನು ಎರಡೂ ನಳಿಗೆಗೆ ಬಳಸಿದರೆ ಲೆಕ್ಕ ತಲೆಕೆಳಗಾಗುತ್ತದೆ. ಆಗ ಪರೀಕ್ಷೆಗೆ ಒಳಗಾಗುವುದು ಆ ಜೀನು.

ಮೌಸರ್ ಎಂ03, ಅಮೆರಿಕದ ಬ್ಯಾರೆಟ್ ಎಂಆರ್‌ಎಡಿಗಳಂಥ ರೈಫಲ್‌ಗಳಲ್ಲಿ ಸ್ಕೋಪು ಕೂತಿರುವುದು ರಿಸೀವರ್ ಮೇಲೆ, ಅಂದರೆ ನಳಿಗೆ ಬಂದು ಕೂರುವ ಮೈಮೇಲೆ. ನಳಿಗೆಯೊಂದೇ ಬಿಚ್ಚಿ ಬರುತ್ತದೆ. ಇಲ್ಲಿ ಕೋನ ಪ್ರತಿ ಸಲವೂ ಮುರಿದು ಪ್ರತಿ ಸಲವೂ ಹೊಸದಾಗಿ ಕೂಡಬೇಕು. ಎಷ್ಟು ಕರಾರುವಾಕ್ಕಾಗಿ? ನಳಿಗೆಯ ಬುಡ ಒತ್ತಿ ಕೂರುವ ಭುಜದ ಅಗಲ 25 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಅದರ ಒಂದು ಅಂಚಿಗೆ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು, ಅಂದರೆ ತಲೆಗೂದಲಿನ ದಪ್ಪದ ಏಳನೇ ಒಂದು ಪಾಲಿನಷ್ಟು, ಮಸಿ ಸಿಕ್ಕಿಕೊಂಡಿತು. ನಳಿಗೆ ಓರೆಯಾಗುವುದು 2,500ಕ್ಕೆ 1ರ ಪ್ರಮಾಣದಲ್ಲಿ. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ತಾಗುವುದಿಲ್ಲ. ನೂರು ಮೀಟರಿನಲ್ಲಿ ಗುಂಡು 4 ಸೆಂಟಿಮೀಟರ್ ಆಚೆ ಬೀಳುತ್ತದೆ. ಜರ್ಮನ್ ಬೇಟೆಗಾರರು ನೂರು ಮೀಟರಿನಲ್ಲಿ ಗುಂಡು ಗುರಿಗಿಂತ 4 ಸೆಂಟಿಮೀಟರ್ ಮೇಲೆ ಬೀಳುವಂತೆ ಝೀರೋ ಮಾಡಿಕೊಳ್ಳುವುದು ವಾಡಿಕೆ; ಮುಂದಿನ ದೂರಗಳಿಗೆ ಅದೇ ಅವರ ಆಸರೆ. ಕಾಣದ ಒಂದು ಮಸಿಕಣ ಅಷ್ಟನ್ನೂ ನುಂಗಿಬಿಡಬಲ್ಲದು.

ಇದನ್ನು ಓದಿ ಈ ರೈಫಲ್‌ಗಳೆಲ್ಲ ನಂಬಿಕೆಗೆ ಅನರ್ಹ ಎಂದುಕೊಂಡರೆ ತಪ್ಪಾಗುತ್ತದೆ. ಜೋಡಣೆ ನೆಟ್ಟಗಿರಬೇಕು ಎಂದು ಝೀರೋ ಕೇಳುವುದಿಲ್ಲ. ಪ್ರತಿ ಸಲವೂ ಒಂದೇ ಥರ ಇರಬೇಕು ಎಂದಷ್ಟೇ ಕೇಳುತ್ತದೆ. ಅಜ್ಜನ ಕಾಲದ ಬಾಗಿಲು ಓರೆಯಾಗಿದ್ದರೂ ಅಗಳಿ ದಿನವೂ ಅದೇ ತೂತಿಗೇ ಬೀಳುತ್ತದಲ್ಲ, ಹಾಗೆ. ನಳಿಗೆ ತುಸು ಓರೆಯಾಗಿ ಕೂತರೂ ಚಿಂತೆಯಿಲ್ಲ, ಸ್ಕೋಪಿನ ತಿರುಪು ಅದನ್ನು ಸರಿದೂಗಿಸುತ್ತದೆ. ನಾಳೆಯೂ ಅಷ್ಟೇ ಓರೆಯಾಗಿ, ಅದೇ ಕಡೆಗೆ ಓರೆಯಾಗಿ ಕೂರಬೇಕು. ಎಂಆರ್‌ಎಡಿಯ ಜೊತೆ ಟಾರ್ಕ್ ರೆಂಚ್ ಕೊಡುವುದು ಇದಕ್ಕೇ. ಪಕ್ಕದ ಎರಡು ಸ್ಕ್ರೂಗಳನ್ನು ಕೈಯಂದಾಜಿನಲ್ಲಿ ತಿರುಗಿಸಿದರೆ ಇವತ್ತಿನ ಬಿಗಿ ಬೇರೆ, ಹೊಟ್ಟೆ ತುಂಬ ಉಂಡ ದಿನದ ಬಿಗಿ ಬೇರೆ. ರೆಂಚ್ ಕಟಕ್ ಅಂದಾಗ ನಿಲ್ಲಿಸಿದರೆ ಪ್ರತಿ ಸಲವೂ ಒಂದೇ ಬಲ. ಆ ಪುಟ್ಟ ರೆಂಚನ್ನು ಮನೆಯಲ್ಲಿ ಬಿಟ್ಟು ಬರುವವನು ಝೀರೋದ ಅರ್ಧವನ್ನೂ ಮನೆಯಲ್ಲೇ ಬಿಟ್ಟು ಬಂದಿರುತ್ತಾನೆ.

ಇಲ್ಲಿಯವರೆಗೆ ಹೇಳಿದ್ದು ಅದೇ ನಳಿಗೆಯನ್ನು ತೆಗೆದು ಅದನ್ನೇ ಹಾಕುವ ಮಾತು. ಬೇರೊಂದು ನಳಿಗೆ ಹಾಕಿದರೆ? ಜನ ಈ ಎರಡನ್ನೂ ಒಂದೇ ಉಸಿರಿನಲ್ಲಿ ಕೇಳುತ್ತಾರೆ. ಎರಡನೆಯದಕ್ಕೆ ಉತ್ತರ ಚುಟುಕಾದದ್ದು: ಉಳಿಯುವುದಿಲ್ಲ, ಉಳಿಯಬೇಕೆಂದು ಕೇಳುವುದೂ ತರವಲ್ಲ. ಉಕ್ಕಿನ ಸಲಾಕೆಯ ನಡುವೆ ಉದ್ದಕ್ಕೂ ತೂತು ಕೊರೆಯುವಾಗ ಬೈರಿಗೆ ತುಸುವಾದರೂ ಅತ್ತಿತ್ತ ಓಲುತ್ತದೆ; ಹೊರಗಿನಿಂದ ಎಷ್ಟೇ ನೆಟ್ಟಗೆ ಕಂಡರೂ ಒಳಗಿನ ತೂತಿಗೆ ತನ್ನದೇ ಬಾಗು ಇರುತ್ತದೆ. ಗುಂಡು ಬಾಯಿ ದಾಟುವ ಕ್ಷಣದಲ್ಲಿ ನಳಿಗೆ ಚಾಟಿಯಂತೆ ಅದುರುತ್ತಿರುತ್ತದೆ. ಆ ಅದುರುವಿಕೆ ನಳಿಗೆಯ ದಪ್ಪ, ಉದ್ದ, ತೋಟೆಯ ಮದ್ದು ಎಲ್ಲವನ್ನೂ ಅವಲಂಬಿಸಿದ್ದು. ಒಂದೇ ಕಾರ್ಖಾನೆಯ, ಒಂದೇ ದಿನದ, ಒಂದೇ ಕ್ಯಾಲಿಬರಿನ ಎರಡು ನಳಿಗೆಗಳೂ ಎರಡು ಕಡೆ ಹೊಡೆಯುತ್ತವೆ. ಕೇಳಬೇಕಾದ್ದು ಆ ಅಂತರ ಪ್ರತಿ ಸಲವೂ ಅಷ್ಟೇ ಇರುತ್ತದೆಯೇ ಎಂದು. ಇದ್ದರೆ ಅದನ್ನು ಬರೆದಿಟ್ಟುಕೊಳ್ಳಬಹುದು, ಸ್ಕೋಪಿನ ತಿರುಪನ್ನು, ಅಂದರೆ ಟರೆಟ್ಟನ್ನು, ಅಷ್ಟು ಕ್ಲಿಕ್ ತಿರುಗಿಸಿ ಕೆಲಸ ನಡೆಸಬಹುದು.

ಇದು ಸುಬೇದಾರರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರು ಹಿಡಿದದ್ದು ಎಲ್‌ಎಂಜಿ, ಅಂದರೆ ಹಳೆಯ ಬ್ರೆನ್ ಗನ್ನಿನ 7.62 ಕ್ಯಾಲಿಬರಿನ ತಮ್ಮ. ಚೆಕೊಸ್ಲೊವಾಕಿಯಾದ ಬ್ರನೊ ಊರಿನ ವಿನ್ಯಾಸ, ಇಂಗ್ಲೆಂಡಿನ ಎನ್‌ಫೀಲ್ಡ್ ಕಾರ್ಖಾನೆ. ಎರಡರ ಮೊದಲಕ್ಷರಗಳು ಸೇರಿ ಬ್ರೆನ್. ಒಂದೇ ಸಮನೆ ಗುಂಡು ಹಾರಿಸಿ ನಳಿಗೆ ಕಾದಾಗ ಸನ್ನೆ ಎತ್ತಿ, ನಳಿಗೆಯ ಮೇಲಿನ ಹಿಡಿಕೆಯಿಂದಲೇ ಅದನ್ನು ತೆಗೆದು, ಬಿಡಿ ನಳಿಗೆ ಹಾಕುತ್ತಿದ್ದರು. ಹಿಂದಿನ ಗುರಿಕಿಂಡಿ ಗನ್ನಿನ ಮೈಮೇಲೆ, ಮುಂದಿನ ಗುರಿಗೂಟ ನಳಿಗೆಯ ಮೇಲೆ. ಆದ್ದರಿಂದ ಎರಡು ನಳಿಗೆಗಳ ಗುರಿಗೂಟವನ್ನೂ ಬೇರೆಬೇರೆಯಾಗಿ ಅದೇ ಗನ್ನಿಗೆ ಝೀರೋ ಮಾಡಿಡಬೇಕು. "ಪಕ್ಕದ ಸೆಕ್ಷನ್ನಿನ ಬ್ಯಾರೆಲ್ ಎತ್ತಿಕೊಂಡು ಬಂದ್ರೆ ಹವಾಲ್ದಾರ್ ಬೆನ್ನಿಗೆ ಬಾರಿಸ್ತಿದ್ದ" ಎಂದು ಅವರು ನಕ್ಕರು. ಅಂತರವನ್ನು ನೆನಪಿನಲ್ಲಿಡುವ ಕೆಲಸವನ್ನು ಅಲ್ಲಿ ಮನುಷ್ಯನಿಗೆ ಬಿಡದೆ ಲೋಹದ ಗೂಟಕ್ಕೇ ಒಪ್ಪಿಸಿದ್ದರು. ಆ ಕಾಲದ ಜಾಣತನ ನನಗೆ ಇಷ್ಟ.

ಇವತ್ತಿನ ಸೇನೆಗಳು ಅದನ್ನೇ ಕಾಗದಕ್ಕೆ ಒಪ್ಪಿಸುತ್ತಿವೆ. ಅಮೆರಿಕದ ವಿಶೇಷ ಪಡೆಗಳು 2019ರಲ್ಲಿ ಆರಿಸಿಕೊಂಡ ಎಂಕೆ 22 ಸ್ನೈಪರ್ ರೈಫಲ್ ಎಂದರೆ ಇದೇ ಎಂಆರ್‌ಎಡಿ. ಅದಕ್ಕೆ ಮೂರು ಕ್ಯಾಲಿಬರಿನ ನಳಿಗೆಗಳು: 7.62 ನೇಟೊ, .300 ನಾರ್ಮಾ ಮ್ಯಾಗ್ನಂ, .338 ನಾರ್ಮಾ ಮ್ಯಾಗ್ನಂ. ತಾಲೀಮಿಗೆ ಅಗ್ಗದ್ದು, ದೂರಕ್ಕೆ ತುಟ್ಟಿಯದು. ಮೂರಕ್ಕೂ ಒಂದೇ ಝೀರೋ ಇರಲಿ ಎಂದು ಅಲ್ಲಿ ಯಾರೂ ಬಯಸುವುದಿಲ್ಲ. ನೂರು ಮೀಟರಿನಲ್ಲಿ 2 ಸೆಂಟಿಮೀಟರ್ ಎಂದರೆ ಎಂಟುನೂರು ಮೀಟರಿನಲ್ಲಿ 16. ಅಷ್ಟು ದೂರದ ಕೆಲಸಕ್ಕೆ ಪ್ರತಿ ನಳಿಗೆಯ ಅಂತರವನ್ನು ಬರೆದಿಟ್ಟುಕೊಳ್ಳದೆ ಹೊರಡುವಂತಿಲ್ಲ.

ಇಲ್ಲೊಂದು ಪಕ್ಕದ ಮಾತು. ಅಮೆರಿಕದ ಫೆಡರಲ್ ಕಾನೂನಿನ ಕಣ್ಣಿಗೆ ಬಂದೂಕು ಎಂದರೆ ರಿಸೀವರು. ನಳಿಗೆ ಬರೀ ಬಿಡಿಭಾಗ, ಅಂಗಡಿಯಲ್ಲಿ ಕೊಳ್ಳಬಹುದು. ಜರ್ಮನಿಯಲ್ಲಿ ನಳಿಗೆಯೂ ಆಯುಧದ ಮುಖ್ಯ ಭಾಗ, ಅದನ್ನೂ ಪರವಾನಗಿ ಪತ್ರದಲ್ಲಿ ನಮೂದಿಸಬೇಕು. ರೈಫಲ್ಲಿನ ಜೀವ ಯಾವ ತುಂಡಿನಲ್ಲಿದೆ ಎಂಬ ಬಗ್ಗೆ ಎರಡು ದೇಶಗಳ ಕಾನೂನಿಗೇ ಒಮ್ಮತವಿಲ್ಲ. ಝೀರೋದ ವಿಷಯದಲ್ಲಂತೂ ಎರಡೂ ತಪ್ಪು. ಅದು ಯಾವ ತುಂಡಿನಲ್ಲೂ ಇಲ್ಲ, ಎರಡು ತುಂಡು ಸೇರುವ ಸಂದಿಯಲ್ಲಿದೆ.

ಈಗ ಮಗನ ಆರು ಗುಂಡಿಗೆ ಬರೋಣ. ನನ್ನ ನಿಜವಾದ ತಕರಾರು ಇರುವುದು ಇಲ್ಲೇ. ಅವನು ಫೋನಿನಲ್ಲಿ ಟಾರ್ಗೆಟ್ ಕಾಗದದ ಫೋಟೊ ತೋರಿಸಿದ. ಎಡಗಡೆ ಮೂರು ತೂತು, 'ಮುಂಚೆ' ಎಂದು ಪೆನ್ಸಿಲಿನಲ್ಲಿ ಬರೆದದ್ದು. ಬಲಗಡೆ ಮೂರು ತೂತು, 'ನಂತರ'. ಎರಡು ತೂತು ಒಂದಕ್ಕೊಂದು ಅಂಟಿಕೊಂಡು ಕಡಲೆಕಾಯಿ ಸಿಪ್ಪೆಯಂತೆ ಕಾಣುತ್ತಿದ್ದವು, ಮೂರನೆಯದು ಹೆಬ್ಬೆರಳಿನಷ್ಟು ದೂರ. ಎರಡೂ ಗುಂಪಿನ ನಡುಬಿಂದುವನ್ನು ತಂತಮ್ಮ ಗುರಿಯಿಂದ ಅಳೆದರೆ ಅಂತರ 8 ಮಿಲಿಮೀಟರ್.

ಸ್ಥಿರವಾದ ಮೇಜಿಗೆ ಬಿಗಿದಿಟ್ಟ, ಯಾರೂ ಮುಟ್ಟದ ರೈಫಲ್ ಕೂಡ ಎಲ್ಲ ಗುಂಡನ್ನೂ ಒಂದೇ ತೂತಿಗೆ ಹಾಕುವುದಿಲ್ಲ. ಒಳ್ಳೆಯ ಬೇಟೆ ರೈಫಲ್ ನೂರು ಮೀಟರಿನಲ್ಲಿ ಐದು ಗುಂಡುಗಳನ್ನು 3 ಸೆಂಟಿಮೀಟರ್ ಒಳಗೆ ಹಾಕಿದರೆ ಬೇಟೆಗಾರನಿಗೆ ತೃಪ್ತಿ. ಅಂದ ಮೇಲೆ ಝೀರೋ ಎಂಬುದು ಒಂದು ಬಿಂದುವಲ್ಲ. ಒಂದು ಚದುರುವಿಕೆಯ ನಡುವನ್ನು ನಾವು ಬಿಂದು ಎಂದು ಕರೆಯುತ್ತೇವೆ. ಮೂರು ಗುಂಡು ಆ ಚದುರುವಿಕೆಯಿಂದ ಎತ್ತಿದ ಮೂರು ಕಾಳು ಮಾತ್ರ. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಸುಕಿ ನೋಡಬಹುದು, ಏಕೆಂದರೆ ಮಡಕೆಯಲ್ಲಿ ಎಲ್ಲ ಅಗುಳೂ ಹೆಚ್ಚುಕಡಿಮೆ ಒಂದೇ. ಗುಂಡುಗಳು ಹಾಗಲ್ಲ.

ಇಂಥ 3 ಸೆಂಟಿಮೀಟರಿನ ರೈಫಲ್ಲಿಗೆ ಲೆಕ್ಕ ಹಾಕಿ ನೋಡಿದೆ. ನಳಿಗೆಯನ್ನು ಮುಟ್ಟದೆಯೇ ಮೂರು ಗುಂಡು ಹೊಡೆದು, ಟೀ ಕುಡಿದು ಬಂದು ಮತ್ತೆ ಮೂರು ಹೊಡೆದರೆ, ಎರಡು ಗುಂಪುಗಳ ನಡುಬಿಂದುವಿಗೆ ಸರಾಸರಿ 1 ಸೆಂಟಿಮೀಟರಿನ ಅಂತರ ಬರುತ್ತದೆ. ಇಪ್ಪತ್ತು ಸಲ ಹೀಗೆ ಮಾಡಿದರೆ ಒಂದು ಸಲವಾದರೂ ಅಂತರ 2 ಸೆಂಟಿಮೀಟರಿನ ಹತ್ತಿರ ಹೋಗುವ ಸಂಭವವಿದೆ. ಯಾರೂ ಏನನ್ನೂ ಬಿಚ್ಚಿಲ್ಲ, ಯಾವುದೂ ಸರಿದಿಲ್ಲ. ಹಾಗಿರುವಾಗ ಗೆಳೆಯನ 8 ಮಿಲಿಮೀಟರಿನಿಂದ ತಿಳಿದದ್ದೇನು? ನಳಿಗೆ ಚೆನ್ನಾಗಿ ಕೂತಿದೆ ಎಂದೂ ಅದು ಹೇಳುವುದಿಲ್ಲ, ಕೆಟ್ಟು ಕೂತಿದೆ ಎಂದೂ ಹೇಳುವುದಿಲ್ಲ. ನಾಳೆ ಇನ್ನೊಬ್ಬ 2 ಸೆಂಟಿಮೀಟರ್ ಸರಿಯಿತೆಂದು ಗೋಳಾಡಿದರೆ ಅವನ ಮಾತೂ ಅಷ್ಟೇ ಟೊಳ್ಳು. ತಯಾರಕರನ್ನು ಹೊಗಳುವವರೂ ತೆಗಳುವವರೂ ಬಹುಪಾಲು ಇದೇ ಮೂರು ಗುಂಡಿನ ಮೇಲೆ ನಿಂತು ವಾದಿಸುತ್ತಾರೆ. ಗುಂಪಿಗೆ ಹತ್ತು ಹತ್ತು ಗುಂಡಾದರೆ ಅದೃಷ್ಟದ ಆಟ ಅರ್ಧಕ್ಕಿಳಿಯುತ್ತದೆ.

ಇನ್ನೂ ಒಂದು ಸೂಕ್ಷ್ಮವಿದೆ. ರೈಫಲ್ಲಿನ ಚದುರುವಿಕೆಯೂ ಜೋಡಣೆಯ ತಪ್ಪೂ ನೇರವಾಗಿ ಕೂಡುವುದಿಲ್ಲ. ಲಂಬಕೋನ ತ್ರಿಭುಜದ ಎರಡು ಬದಿಗಳಂತೆ ಕೂಡಿ ಕರ್ಣವಾಗುತ್ತವೆ. ರೈಫಲ್ಲಿನದು 3 ಸೆಂಟಿಮೀಟರ್, ಬಿಚ್ಚಿ ಜೋಡಿಸುವುದರಿಂದ ಬಂದದ್ದು 1 ಸೆಂಟಿಮೀಟರ್ ಎಂದಾದರೆ ಒಟ್ಟು 4 ಆಗುವುದಿಲ್ಲ, 3.2ರಷ್ಟಾಗುತ್ತದೆ. ಕಾಗದದ ಮೇಲೆ ಆ 2 ಮಿಲಿಮೀಟರನ್ನು ಯಾವ ಕಣ್ಣೂ ಹಿಡಿಯಲಾರದು. ಆದ್ದರಿಂದ ಬೇಟೆ ರೈಫಲ್ ಇಟ್ಟುಕೊಂಡವನು ನಳಿಗೆ ಬದಲಿಸಿದರೆ ಏನೂ ಆಗುವುದಿಲ್ಲ ಎಂದು ಪ್ರಾಮಾಣಿಕವಾಗಿಯೇ ನಂಬುತ್ತಾನೆ. ಜೋಡಣೆಯ ತಪ್ಪನ್ನು ಅವನ ರೈಫಲ್ ತನ್ನ ಹೊಟ್ಟೆಗೆ ಹಾಕಿಕೊಂಡಿರುತ್ತದೆ. 1 ಸೆಂಟಿಮೀಟರಿನಲ್ಲಿ ಐದು ಗುಂಡು ಹಾಕುವ ರೈಫಲ್ಲಿಗೆ ಅದೇ ತಪ್ಪು ಬಂದರೆ ಗುಂಪು 1.4ಕ್ಕೆ ಉಬ್ಬುತ್ತದೆ, ಅದರ ಒಡೆಯ ಕಂಗಾಲಾಗುತ್ತಾನೆ. ಸಂದಿ ಒಂದೇ, ದೂರು ಮಾತ್ರ ಒಳ್ಳೆಯ ರೈಫಲ್ ಇದ್ದವನಿಂದ ಬರುತ್ತದೆ.

ಇದನ್ನು ನಿಜಕ್ಕೂ ತಿಳಿಯಬೇಕೆಂದರೆ ದಾರಿ ಇದೆ, ಬೇಸರದ್ದು. ಮೊದಲು ನಳಿಗೆ ಮುಟ್ಟದೆ ಹತ್ತು ಗುಂಡು. ಆಮೇಲೆ ಇನ್ನೊಂದು ಕಾಗದಕ್ಕೆ ಹತ್ತು ಗುಂಡು, ಆದರೆ ಪ್ರತಿ ಗುಂಡಿಗೂ ಮುಂಚೆ ನಳಿಗೆಯನ್ನು ಪೂರಾ ಬಿಚ್ಚಿ, ಭುಜ ಒರೆಸಿ, ರೆಂಚಿನಿಂದ ಬಿಗಿದು. ಮಧ್ಯಾಹ್ನವೆಲ್ಲ ಅದಕ್ಕೇ ಹೋಗುತ್ತದೆ. ಮೊದಲಿನದು 3 ಸೆಂಟಿಮೀಟರ್, ಎರಡನೆಯದು 5 ಬಂದರೆ ಜೋಡಣೆಯ ಪಾಲು 4. ಶಾಲೆಯ 3-4-5 ತ್ರಿಭುಜ ನೆನಪಿರುವವರಿಗೆ ಬೇರೆ ಲೆಕ್ಕ ಬೇಡ. ಎರಡೂ ಒಂದೇ ಅಗಲ ಬಂದರೆ ಸಂದಿಯನ್ನು ನಂಬಬಹುದು, ಕನಿಷ್ಠ ಆ ರೈಫಲ್ಲಿನ ಯೋಗ್ಯತೆಯ ಮಟ್ಟಿಗೆ. ಇಷ್ಟು ತಾಳ್ಮೆ ಯಾರಿಗಿದೆ ಎಂದು ಗೆಳೆಯ ಕೇಳಿದ. ತೋಟೆಯ ಬೆಲೆ ಕೇಳಿದ ಮೇಲೆ ನಾನೂ ಸ್ವಲ್ಪ ಮೆತ್ತಗಾದೆ.

ನಳಿಗೆಯ ತಲೆಗೆ ಕಟ್ಟುವ ತಪ್ಪುಗಳಲ್ಲಿ ಎಷ್ಟೋ ಅದರವಲ್ಲ ಎಂಬುದನ್ನೂ ಹೇಳಬೇಕು. ಬಿಚ್ಚಿದಾಗ ಸಾಮಾನ್ಯವಾಗಿ ಜನ ಒಳಗೆ ಬ್ರಷ್ ಆಡಿಸಿ ಎಣ್ಣೆ ಸವರುತ್ತಾರೆ. ಎಣ್ಣೆ ಹಚ್ಚಿದ ತಣ್ಣನೆಯ ನಳಿಗೆಯ ಮೊದಲ ಗುಂಡು ಎಷ್ಟೋ ರೈಫಲ್‌ಗಳಲ್ಲಿ ಬೇರೆ ಕಡೆಯೇ ಹೋಗುತ್ತದೆ. ಬಿಚ್ಚಿದ್ದಕ್ಕೆ ಸರಿಯಿತು ಎಂದು ಶೂಟರ್ ತೀರ್ಮಾನಿಸುತ್ತಾನೆ; ಸರಿಸಿದ್ದು ಎಣ್ಣೆ. ಮರದ ಹಿಡಿ ಮಳೆಗಾಲದಲ್ಲಿ ಉಬ್ಬುವುದು, ಕಾರಿನ ಡಿಕ್ಕಿಯಲ್ಲಿ ಸ್ಕೋಪಿಗೆ ಪೆಟ್ಟು ಬೀಳುವುದು, ಆ ದಿನ ಕೆನ್ನೆ ಹಿಡಿಯ ಮೇಲೆ ತುಸು ಹಿಂದಕ್ಕೆ ಕೂತದ್ದು, ಎಲ್ಲದರ ಲೆಕ್ಕವೂ ಪಾಪದ ಆ ಸಂದಿಯ ಖಾತೆಗೇ ಹೋಗುತ್ತದೆ.

ಹಾಗಾದರೆ ಏನು ಮಾಡಲಿ ಎಂದ ಗೆಳೆಯ. ಜರ್ಮನಿಯ ಹಲವು ರಾಜ್ಯಗಳಲ್ಲಿ ಗಂಡು ರೋ ಜಿಂಕೆಯ ಬೇಟೆ ಶುರುವಾಗುವುದು ಮೇ 1ಕ್ಕೆ. ಅದಕ್ಕೆ ಮುಂಚೆ ರೇಂಜಿಗೆ ಹೋಗಿ ಪರೀಕ್ಷೆಯ ಗುಂಡು ಹೊಡೆಯುವುದು ಅಲ್ಲಿಯ ಶಿಸ್ತು. ಅವನು ಹೊಡೆಯುವುದು ಒಂದೇ ಗುಂಡು. 2 ಸೆಂಟಿಮೀಟರ್ ಬಲಕ್ಕೆ ಬಿದ್ದರೆ ಟರೆಟ್ಟಿನ ಮುಚ್ಚಳ ತೆಗೆದು 2 ಸೆಂಟಿಮೀಟರ್ ಎಡಕ್ಕೆ ತಿರುಗಿಸಿ ಮನೆಗೆ ಬರುತ್ತಾನೆ. ತಾನು ಜಾಗರೂಕ ಎಂಬ ಸಮಾಧಾನ ಬೇರೆ.

ಇದೇ ತಪ್ಪನ್ನು ತೋರಿಸಲು ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಡಬ್ಲ್ಯು. ಎಡ್ವರ್ಡ್ಸ್ ಡೆಮಿಂಗ್ ತಮ್ಮ ತರಗತಿಗಳಲ್ಲಿ ಒಂದು ಆಲಿಕೆ, ಒಂದು ಗೋಲಿ ಇಟ್ಟುಕೊಳ್ಳುತ್ತಿದ್ದರು. ಆಲಿಕೆಯನ್ನು ಗುರಿಯ ಮೇಲೆ ನಿಲ್ಲಿಸಿ ಗೋಲಿ ಬಿಟ್ಟರೆ ಅದು ಸುತ್ತಮುತ್ತ ಎಲ್ಲೋ ನಿಲ್ಲುತ್ತದೆ. ಪ್ರತಿ ಸಲ ಗೋಲಿ ತಪ್ಪಿದಷ್ಟನ್ನು ಆಲಿಕೆ ಸರಿಸಿ ಸರಿಪಡಿಸುತ್ತ ಹೋದರೆ ಚದುರುವಿಕೆ ಕಡಿಮೆಯಾಗುವ ಬದಲು 1.4 ಪಟ್ಟು ಹೆಚ್ಚುತ್ತದೆ. ಟರೆಟ್ ಹಿಡಿದ ಗೆಳೆಯ ಮಾಡುತ್ತಿರುವುದು ಅದನ್ನೇ. ನಳಿಗೆ ಸರಿಯಾಗಿಯೇ ಕೂತಿದ್ದರೂ ಅವನ ಕೈ ಝೀರೋವನ್ನು ವರ್ಷ ವರ್ಷ ಅಲೆದಾಡಿಸುತ್ತದೆ.

ಇದನ್ನೆಲ್ಲ ಹೇಳುವಷ್ಟರಲ್ಲಿ ಸುಬೇದಾರರು ಕೋವಿ ಎತ್ತಿಕೊಂಡು ಅಂಗಳಕ್ಕೆ ನಡೆದಿದ್ದರು. ಊರ ಮೈದಾನದಲ್ಲಿ ಗುರಿ ಹೊಡೆಯಲು ತೆಂಗಿನಕಾಯಿ ಕಟ್ಟುವ ಹೊತ್ತಾಗಿತ್ತು. ಮಗನಿಗೆ ನಾನು ಹೇಳಿದ್ದಿಷ್ಟು: ಮೊದಲ ಗುಂಡು 2 ಸೆಂಟಿಮೀಟರ್ ಆಚೆ ಬಿದ್ದರೆ ಟರೆಟ್ ಮುಚ್ಚಳ ಹಾಗೇ ಇರಲಿ. ನಳಿಗೆ ಆರುವವರೆಗೆ ಕಾಯಿ. ಇನ್ನೂ ನಾಲ್ಕು ತೋಟೆ ತೆಗೆ. ಐದರ ನಡುಬಿಂದುವೂ ಅಲ್ಲೇ ಇದ್ದರೆ ಆಗ ತಿರುಗಿಸು. ಮೊದಲ ತೂತಿನ ಪಕ್ಕದಲ್ಲಿ ಮಾತ್ರ 'ಎಣ್ಣೆ ನಳಿಗೆ' ಎಂದು ಬರೆದಿಡು, ಯಾಕೆಂದರೆ ಮೇ 1ರ ಬೆಳಗ್ಗೆ ಜಿಂಕೆಯ ಮೇಲೆ ಹೋಗುವುದು ಅಂಥದ್ದೇ ಗುಂಡು.